ತೆಗೆದಿಡಬಹುದಾದ ವ್ರತ

ಸೊಟ್ಟ ಹಲ್ಲು ನೆಟ್ಟಗಾಗಬೇಕೆಂದು ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಹೊರಟವರ ಮುಂದೆ ಈಗ ಎರಡು ದಾರಿಗಳಿವೆ. ಒಂದು ಹಳೆಯ ಕ್ಲಿಪ್ಪು: ಹಲ್ಲಿಗೊಂದರಂತೆ ಲೋಹದ ಗುಂಡಿ ಅಂಟಿಸಿ, ತಂತಿ ಹಾಯಿಸಿ ಬಿಗಿಯುತ್ತಾರೆ, ಒಂದೂವರೆ ಎರಡು ವರ್ಷ ಅದು ಬಾಯಿ ಬಿಟ್ಟು ಕದಲುವುದಿಲ್ಲ. ಇನ್ನೊಂದು ಕ್ಲಿಯರ್ ಅಲೈನರ್: ಹಲ್ಲಿನ ಸಾಲಿಗೆ ಸರಿಯಾಗಿ ಕೂರುವ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಕವಚ. ಎದುರಿಗಿದ್ದವರ ಕಣ್ಣಿಗೆ ಬೀಳದು, ಬೇಕೆಂದಾಗ ಕೈಯಿಂದಲೇ ತೆಗೆದಿಡಬಹುದು. ಜಾಹೀರಾತು ಇದನ್ನು ಸ್ವಾತಂತ್ರ್ಯವೆಂದು ಮಾರುತ್ತದೆ. ಆ ಮಾತಿನ ಬಗ್ಗೆ ನನಗೆ ಅನುಮಾನವಿದೆ. ತಂತಿ ಹೊತ್ತಿದ್ದ ಕಟ್ಟುಪಾಡನ್ನು ಅಲೈನರ್ ಇಳಿಸುವುದಿಲ್ಲ, ತೊಡುವವರ ಮನಸ್ಸಿನ ಮೇಲೆ ಹೊರಿಸುತ್ತದೆ. ಹಾಗಾಗಿ ಇವೆರಡರಲ್ಲಿ ಯಾವುದು ಎಂಬುದು ಹಲ್ಲಿನ ಪ್ರಶ್ನೆ ಎಷ್ಟೋ ವ್ರತದ ಪ್ರಶ್ನೆಯೂ ಅಷ್ಟೇ. ವ್ರತ ಹೇಗೆ ನಿಲ್ಲುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಜೈನರಷ್ಟು ಬಿಡಿಸಿ ನೋಡಿದವರು ಕಡಿಮೆ. ಆ ಪರಂಪರೆಯ ಹಳೆಯ ನೆಲೆ ಇಲ್ಲೇ, ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿದೆ. ಚಟ್ಟಲದೇವಿ ಅಲ್ಲಿ ಪಂಚಕೂಟ ಬಸದಿ ಕಟ್ಟಿಸಿದ್ದು 1077ರಲ್ಲಿ.

ಮೊದಲು ವಸ್ತುವನ್ನು ನೋಡೋಣ. 1997ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಓದಿದ ಜಿಯಾ ಚಿಶ್ತಿ ಮತ್ತು ಕೆಲ್ಸಿ ವರ್ತ್ ಇದರ ಕಂಪನಿ ಕಟ್ಟಿದರು, ಇಬ್ಬರೂ ದಂತವೈದ್ಯರಲ್ಲ. ಹಲ್ಲಿನ ಅಚ್ಚು ಕಂಪ್ಯೂಟರಿಗೆ ಹೋಗುತ್ತದೆ, ಮುಂದೆ ಆಗಬೇಕಾದ ಚಲನೆಯನ್ನು ಹತ್ತಾರು ಮೆಟ್ಟಿಲುಗಳಾಗಿ ಒಡೆದು, ಮೆಟ್ಟಿಲಿಗೊಂದು ಕವಚ ತಯಾರಾಗುತ್ತದೆ. ಒಂದೊಂದು ಕವಚ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸಬಲ್ಲದು. ಒಂದೆರಡು ವಾರಕ್ಕೆ ಮುಂದಿನದು. ಹಲ್ಲು ಸರಿಯುವುದು ಎಲುಬಿನ ಕೃಪೆಯಿಂದ: ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸದು ಕೂಡುತ್ತದೆ. ಒತ್ತಡ ಬಿಟ್ಟು ಬಿಟ್ಟು ಬಂದರೆ ಈ ಕೆಲಸ ಸಾಗದು. ಅದಕ್ಕೇ ದಿನಕ್ಕೆ 20ರಿಂದ 22 ಗಂಟೆ ತೊಟ್ಟಿರಬೇಕೆಂಬ ಕಟ್ಟಳೆ. ಉಳಿದದ್ದು ಎರಡರಿಂದ ನಾಲ್ಕು ಗಂಟೆ. ಮಲೆನಾಡಿನ ಒಂದು ದಿನವನ್ನು ಇದರೊಳಗೆ ಹಿಡಿಸಿ ನೋಡಿ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ, ಪ್ರತಿ ಸಲ ಹಲ್ಲುಜ್ಜಿ ಕವಚ ತೊಳೆದು ಮತ್ತೆ ಕೂರಿಸುವುದು: ಇಷ್ಟಕ್ಕೇ ಲೆಕ್ಕ ಮುಗಿಯುತ್ತದೆ. ಹಬೆಯಾಡುವ ಕಾಫಿಯನ್ನು ಕವಚದ ಮೇಲೆಯೇ ಕುಡಿದರೆ ಪ್ಲಾಸ್ಟಿಕ್ ಸೊಟ್ಟಗಾದೀತು, ಬಣ್ಣವೂ ಹಿಡಿದೀತು. ಇನ್ನು ಕವಳ. ಎಲೆ, ಸುಣ್ಣ, ಅಡಿಕೆ ಸೇರಿಸಿ ಒಮ್ಮೆ ಬಾಯಿಗಿಟ್ಟರೆ ಅದು ಐದು ನಿಮಿಷದ ವ್ಯವಹಾರವಲ್ಲ. ದಿನಕ್ಕೆ ನಾಲ್ಕು ಕವಳ ಹಾಕುವವರ ಬಾಯಲ್ಲಿ ಅಲೈನರಿಗೆ ಜಾಗವೇ ಇಲ್ಲ. (ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪ್ರಕಟಿಸಿದೆ. ತೋಟ ನಂಬಿ ಬದುಕುವ ಊರಿನಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ, ಆದರೂ ಹೇಳಬೇಕು.)

ಜೈನ ಶಾಸ್ತ್ರಕಾರರು ವ್ರತಭಂಗವನ್ನು ಒಂದೇ ಏಟಿನ ಘಟನೆಯೆಂದು ಕಾಣಲಿಲ್ಲ. ಅವರ ಪ್ರಕಾರ ಅದಕ್ಕೆ ನಾಲ್ಕು ಹಂತ: ಮನಸ್ಸಿನ ಬಿಗಿ ಸಡಿಲುವುದು ಅತಿಕ್ರಮ, ಬೇಲಿ ದಾಟುವುದು ವ್ಯತಿಕ್ರಮ, ವ್ರತ ಇಟ್ಟುಕೊಂಡೇ ತಪ್ಪುವುದು ಅತಿಚಾರ, ಪೂರ್ತಿ ಕೈಬಿಡುವುದು ಅನಾಚಾರ. ಮದುವೆ ಮನೆಯ ಪಂಕ್ತಿಯಲ್ಲಿ ಕೂತ ಅಲೈನರಿನವರನ್ನು ನೆನೆಯಿರಿ. ಊಟ ಮುಗಿದರೂ ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಇರಲಿ ಅನ್ನಿಸುತ್ತದೆ. ಕೈ ತೊಳೆದವರು ಡಬ್ಬಿಯ ಕಡೆ ಹೋಗದೆ ಎಲೆ ಅಡಿಕೆಯ ತಟ್ಟೆಯ ಕಡೆ ಹೋಗುತ್ತಾರೆ. ಸಂಜೆವರೆಗೆ ಕವಚ ಕಾಗದದಲ್ಲಿ ಸುತ್ತಿಕೊಂಡು ಜೇಬಿನಲ್ಲಿರುತ್ತದೆ. ತಿಂಗಳಾದ ಮೇಲೆ ಅದು ಕಪಾಟಿನಲ್ಲಿರುತ್ತದೆ. ನಾಲ್ಕೂ ಹಂತಗಳು ಸಾಲಾಗಿ ಬಂದುವು. ತಂತಿಯಲ್ಲಿ ಮೊದಲ ಹಂತಕ್ಕೆ ಮಾತ್ರ ಅವಕಾಶ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರ ಇನ್ನೊಂದು ಭೇದ ಮಾಡುತ್ತದೆ: ಕಾಲಮಿತಿಯುಳ್ಳದ್ದು ನಿಯಮ, ಬದುಕಿರುವಷ್ಟು ಕಾಲದ್ದು ಯಮ. ಹಲ್ಲಿನ ಚಿಕಿತ್ಸೆಯಲ್ಲೂ ಎರಡೂ ಇವೆ. ಅಲೈನರ್ ಆಗಲಿ ಕ್ಲಿಪ್ಪಾಗಲಿ ನಿಯಮ. ಆಮೇಲೆ ಹಲ್ಲು ಹಳೆಯ ಜಾಗಕ್ಕೆ ಹಿಂದಿರುಗದಂತೆ ರಾತ್ರಿ ಹಾಕಿಕೊಳ್ಳುವ ರಿಟೈನರ್ ಬಹುಮಟ್ಟಿಗೆ ಯಮ. ತಂತಿ ಬಿಚ್ಚಿದ ದಿನ ಎಲ್ಲ ಮುಗಿಯಿತೆಂದುಕೊಂಡವರ ಹಲ್ಲು ಮೆಲ್ಲಗೆ ಮತ್ತೆ ಸೊಟ್ಟಗಾಗುವುದುಂಟು.

ಮನುಷ್ಯ ಹೀಗೆ ಜಾರುವವನಾದರೆ ಕಟ್ಟಿಹಾಕುವುದೇ ಮೇಲಲ್ಲವೇ ಎಂದು ಕೇಳಬಹುದು. ಕ್ಲಿಪ್ಪನ್ನೂ ನಾವೇ ಒಪ್ಪಿ ಹಾಕಿಸಿಕೊಂಡದ್ದು. ದೀಕ್ಷೆಯ ಕಂಕಣವನ್ನು ಕಾರ್ಯ ಮುಗಿಯುವ ತನಕ ಬಿಚ್ಚುವಂತಿಲ್ಲ, ಅದಕ್ಕೆ ಗೌರವ ಕಡಿಮೆಯಾಗಿದೆಯೇ? ಆಕ್ಷೇಪ ಸರಿಯಾದದ್ದೇ. ತನ್ನ ದೌರ್ಬಲ್ಯ ತಿಳಿದು ಮುಂಚೆಯೇ ಕೈ ಕಟ್ಟಿಕೊಳ್ಳುವುದು ಹೇಡಿತನವಲ್ಲ, ವಿವೇಕ. ಆದರೆ ತೆಗೆಯಲು ಬರುವ ವಸ್ತುವೆಲ್ಲ ಸಡಿಲವೆಂಬ ತೀರ್ಮಾನ ಅದರಿಂದ ಹುಟ್ಟುವುದಿಲ್ಲ. ಕೆಳದಿ ಇಕ್ಕೇರಿಯ ಅರಸರು ಅನುಸರಿಸಿದ ವೀರಶೈವದಲ್ಲಿ ಇಷ್ಟಲಿಂಗವನ್ನು ದಿನವೂ ಅಂಗೈಗೆ ತೆಗೆದುಕೊಂಡು ಪೂಜಿಸಿ ಮತ್ತೆ ಧರಿಸುತ್ತಾರೆ. ಪ್ಲಾಸ್ಟಿಕ್ ಕವಚವನ್ನು ಅದರ ಪಕ್ಕದಲ್ಲಿಡುವುದು ನನ್ನ ಉದ್ದೇಶವಲ್ಲ. ದಾರಕ್ಕಿಂತ ನಿಷ್ಠೆ ಗಟ್ಟಿಯಾಗಿರಬಲ್ಲದು ಎಂಬುದಕ್ಕೆ ಸಾಕ್ಷಿ ಈ ನೆಲದಲ್ಲೇ ಇದೆ ಎನ್ನುತ್ತಿದ್ದೇನೆ. ನಿಷ್ಠೆ ಇಲ್ಲದ ಕಡೆ ಏನಾಗುತ್ತದೆಂಬುದನ್ನು ತಯಾರಕರೇ ತೋರಿಸಿಕೊಟ್ಟರು. 2008ರಲ್ಲಿ ಹದಿಹರೆಯದವರಿಗೆಂದು ತಂದ ಅಲೈನರಿನ ಮೇಲೆ ಪುಟ್ಟ ನೀಲಿ ಚುಕ್ಕೆ ಇಟ್ಟರು. ತೊಟ್ಟಷ್ಟೂ ಬಣ್ಣ ಮಾಸಬೇಕು, ಅಪ್ಪ ಅಮ್ಮ ನೋಡಿ ತಿಳಿಯಬೇಕು. ಕವಚ ತೊಳೆಯುವ ಮಾತ್ರೆ ಕರಗಿಸಿದ ನೀರಿನಲ್ಲಿಟ್ಟರೂ ಆ ಚುಕ್ಕೆ ಮಾಸುತ್ತದೆ. ಕಾವಲು ಬಂದಲ್ಲಿ ಕಳ್ಳದಾರಿಯೂ ಬಂತು, ವ್ರತ ಮಾತ್ರ ಬರಲಿಲ್ಲ.

ಇನ್ನೊಂದು ಆಕ್ಷೇಪ ಹೊಂಬುಜದ ಕಡೆಯಿಂದಲೇ ಬರಬಹುದು. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಅದಂತಧಾವನವೂ ಒಂದು. ಮುನಿ ಹಲ್ಲನ್ನು ಉಜ್ಜುವುದೂ ಇಲ್ಲ. ದೇಹದ ಮೇಲಿನ ಮಮತೆಯನ್ನು ಅಷ್ಟು ಬಿಡಿಸಿದ ಧರ್ಮವನ್ನು ಹಲ್ಲಿನ ಚೆಲುವಿಗೆ ಸಾಕ್ಷಿ ಕರೆಯುವುದು ಅಪಹಾಸ್ಯವಲ್ಲವೇ? ಅಲ್ಲ, ಏಕೆಂದರೆ ಅದೇ ಧರ್ಮ ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ ಎಂದು ಶಕ್ತಿ ನೋಡಿ ಅಳತೆ ಇಟ್ಟಿದೆ. ಒತ್ತೊತ್ತಾಗಿ ಹುಟ್ಟಿದ ಹಲ್ಲುಗಳ ಸಂದಿಯನ್ನು ಶುಚಿಯಾಗಿಡುವುದು ಕಷ್ಟ, ವಸಡಿಗೂ ತೊಂದರೆ. ಬಹಳ ಜನ ಬರುವುದು ಚೆಂದಕ್ಕಾಗಿಯೇ ಎಂಬುದು ನಿಜ. ಗೃಹಸ್ಥರಿಗೆ ಅದು ಪಾಪವೆಂದು ನನಗೆ ತೋರದು. ಪೊಳ್ಳುತನ ಇರುವುದು ಬೇರೆ ಕಡೆ: ಸಾಮಾನ್ಯವಾಗಿ ದುಬಾರಿಯಾದ ಅಲೈನರನ್ನು ಕೊಂಡ ಮಾತ್ರಕ್ಕೆ ಶಿಸ್ತೂ ಜೊತೆಗೆ ಬಂತೆಂದು ನಂಬುವುದರಲ್ಲಿ.

ಶಕ್ತಿ ನೋಡಿ ವ್ರತ ಎಂಬ ಆ ಅಳತೆಯೇ ಇಲ್ಲಿಯೂ ಸಾಕು. ತಾನೇ ಬಯಸಿ ಬಂದ ವಯಸ್ಕರಿಗೆ, ಹಲ್ಲಿನ ವಕ್ರತೆ ಮಿತವಾಗಿದ್ದರೆ, ಅಲೈನರ್ ಒಳ್ಳೆಯದು. ಮಳೆಗಾಲದಲ್ಲಿ ತಂತಿ ಕಿತ್ತುಬಂತೆಂದು ಶಿವಮೊಗ್ಗಕ್ಕೆ ಬಸ್ಸು ಹತ್ತುವುದೂ ತಪ್ಪೀತು. ತಂದೆ ತಾಯಿ ನಿರ್ಧರಿಸಿದ ಮಗುವಿಗೆ ಕ್ಲಿಪ್ಪೇ ಕರುಣೆ. ಅದು ಮಗುವನ್ನು ದಿನಕ್ಕೆ ಹತ್ತು ಸಲ ಪರೀಕ್ಷೆಗೆ ಒಡ್ಡುವುದಿಲ್ಲ. ಎರಡರ ನಡುವೆ ತೂಗುತ್ತಿರುವವರು ದುಡ್ಡು ಕಟ್ಟುವ ಮುನ್ನ ಒಂದು ವಾರ ಮೂರು ಊಟದ ಹೊತ್ತು ಬಿಟ್ಟು ಬಾಯಿಗೆ ನೀರಲ್ಲದೆ ಏನೂ ಹಾಕದೆ ಇದ್ದು ನೋಡಿ. ಆಗದಿದ್ದರೆ ಡಾಕ್ಟರ ಬಳಿ ನಾಚಿಕೊಳ್ಳದೆ ಕ್ಲಿಪ್ಪನ್ನೇ ಕೇಳಿ.