ಮಗನ ಕಾರು, ಮೂರನೆಯವರ ವಿಮೆ

ಮಗನಿಗೆ ಹದಿನೆಂಟು ತುಂಬಿ ಚಾಲನಾ ಪರವಾನಗಿ ಕೈಗೆ ಬಂತೆಂದರೆ ನಮ್ಮ ಮನೆಗಳಲ್ಲಿ ಈಗ ಒಂದೇ ಮಾತು: ಗಾಡಿ ಯಾವಾಗ? ಮೊದಲು ಇದು ಬೈಕಿನ ಮಾತಾಗಿತ್ತು, ಈಗ ಸೆಕೆಂಡ್ ಹ್ಯಾಂಡ್ ಕಾರಿನ ಮಾತೂ ಆಗಿದೆ. ಅಪ್ಪ ಅಲ್ಲಿ ಇಲ್ಲಿ ಹೊಂದಿಸುತ್ತಾರೆ, ಅಮ್ಮ ಚೀಟಿ ಎತ್ತುತ್ತಾರೆ, ಕಾರು ಮನೆಗೆ ಬರುತ್ತದೆ. ಕಾರಿಗೆ ಯಾರು ಹಣ ಕೊಡಬೇಕು, ಅದರ ವಿಮೆಗೆ ಯಾರು ಕೊಡಬೇಕು ಎಂಬುದು ಬರೀ ಮನೆಯ ಲೆಕ್ಕಾಚಾರ, ಧರ್ಮಕೇಂದ್ರದ ಪತ್ರಿಕೆಗೆ ಇದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮಗೆ ಹಾಗೆ ಅನ್ನಿಸುವುದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡೋಣ. ಕಾರು ಕೇಳುವ ಮಕ್ಕಳೆಲ್ಲ ಶೋಕಿಗೆ ಕೇಳುತ್ತಾರೆಂದು ನಾವು ನಂಬುವುದಿಲ್ಲ. ಹೊಸೂರಿನ ಸುತ್ತಲಿನ ಹಳ್ಳಿಗಳಿಂದ ನಮ್ಮ ಹುಡುಗರು ಅತ್ತಿಬೆಲೆಗೆ, ಬೊಮ್ಮಸಂದ್ರಕ್ಕೆ, ಎಲೆಕ್ಟ್ರಾನಿಕ್ ಸಿಟಿಗೆ ಪಾಳಿ ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಹಳ್ಳಿಗೆ ಬಸ್ಸಿರುವುದಿಲ್ಲ. ಗಾಡಿ ಬೇಕು ಎಂಬುದು ಅನೇಕ ಮನೆಗಳಲ್ಲಿ ನಿಜವಾದ ಅಗತ್ಯ. ನಮ್ಮ ಹಿಂದಿನ ತಲೆಮಾರಿಗೂ ಅದು ಬೇಕಾಗಿತ್ತು. ಇದೇ ಹೊಸೂರಿನ ಕಾರ್ಖಾನೆಯಿಂದ 1980ರಲ್ಲಿ ಟಿವಿಎಸ್ 50 ಹೊರಬಂದ ಮೇಲೆ ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಗುಲಾಬಿ ಹೂವಿನ ಕಟ್ಟು ಎಲ್ಲ ಅದರ ಮೇಲೆಯೇ ಸಾಗಿದವು. ವ್ಯತ್ಯಾಸ ಇಷ್ಟೇ: ಅದನ್ನು ಕಂತಿನಲ್ಲಿ ಕೊಂಡವರು ದುಡಿಯುವವರೇ, ಓಡಿಸಿದವರೂ ಅವರೇ. ಈಗ ಕೊಳ್ಳುವವರು ಒಬ್ಬರು, ಓಡಿಸುವವರು ಇನ್ನೊಬ್ಬರು. ಪ್ರಶ್ನೆ ಹುಟ್ಟುವುದು ಈ ಜಾಗದಲ್ಲಿ.

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಚರ್ಚೆಯೇ ಬೇಡ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಸ್ಪಷ್ಟವಾಗಿದೆ: ಅಪ್ರಾಪ್ತ ಮಗು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ. ‘ಇಲ್ಲೇ ಅಂಗಡಿಯವರೆಗೆ ತಾನೆ’ ಎನ್ನುವ ಮಾತಿಗೆ ಕಾನೂನಿನಲ್ಲೂ ಜಾಗವಿಲ್ಲ, ಮನಸ್ಸಾಕ್ಷಿಯಲ್ಲೂ ಇರಬಾರದು.

ಹದಿನೆಂಟು, ಹತ್ತೊಂಬತ್ತರ ಮಕ್ಕಳ ವಿಷಯಕ್ಕೆ ಬರೋಣ. ‘ನಿನ್ನ ಕಾರು ನೀನೇ ದುಡಿದು ಕೊಂಡುಕೋ’ ಎಂದು ಹೇಳುವ ಪದ್ಧತಿ ಕೆಲವು ದೇಶಗಳಲ್ಲಿದೆ. ನಮ್ಮಲ್ಲಿ ಅದು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ, ಒಗ್ಗಬೇಕೆಂದೂ ನಾವು ಹೇಳುವುದಿಲ್ಲ. ಮೊದಲ ಸಂಬಳವನ್ನು ಅಮ್ಮನ ಕೈಗೆ ಕೊಡುವ ಮನೆಗಳು ನಮ್ಮವು. ಅಕ್ಕನ ಮದುವೆಗೆ ತಮ್ಮ ದುಡಿಯುತ್ತಾನೆ, ತಮ್ಮನ ಫೀಸಿಗೆ ಅಕ್ಕ ಕಟ್ಟುತ್ತಾಳೆ. ಚೀಲ ಒಂದೇ ಆಗಿರುವಾಗ ‘ನಿನ್ನ ದುಡ್ಡು, ನನ್ನ ದುಡ್ಡು’ ಎಂದು ಗೆರೆ ಎಳೆಯುವುದು ಹೇಗೆ? ಆದ್ದರಿಂದ ಕಾರಿನ ಬೆಲೆಯನ್ನು ಅಪ್ಪ ಅಮ್ಮ ಕೊಟ್ಟರೆ ಅದರಲ್ಲಿ ತಪ್ಪಿಲ್ಲ. ಸಾಲ ತೀರಿಸುವ ಶಕ್ತಿಯಿದ್ದರೆ ಕೊಡಲಿ. ಅದು ಮನೆಯೊಳಗಿನ ಕೊಡುಗೆ.

ವಿಮೆ ಮನೆಯೊಳಗಿನದಲ್ಲ. ಕಾರಿನ ವಿಮೆಯಲ್ಲಿ ಎರಡು ಭಾಗಗಳಿರುತ್ತವೆ. ನಮ್ಮ ಕಾರಿಗೆ ಪೆಟ್ಟಾದರೆ, ಕಳುವಾದರೆ ನಮಗೇ ಹಣ ಬರುವುದು ಒಂದು ಭಾಗ. ಅದು ನಮ್ಮ ಇಷ್ಟ, ಕಾನೂನಿನ ಒತ್ತಾಯವಿಲ್ಲ. ಇನ್ನೊಂದು ‘ಥರ್ಡ್ ಪಾರ್ಟಿ’. 1988ರ ಕಾಯ್ದೆಯ 146ನೇ ಕಲಂ ಪ್ರಕಾರ ಅದಿಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಆ ಹಣ ನಮಗೂ ಬರುವುದಿಲ್ಲ, ನಮ್ಮ ಕಾರಿಗೂ ಬರುವುದಿಲ್ಲ. ನಮ್ಮ ಮಗ ಯಾರಿಗೆ ಗುದ್ದುತ್ತಾನೋ ಅವರಿಗೆ, ಅವರು ಉಳಿಯದಿದ್ದರೆ ಅವರ ಹೆಂಡತಿ ಮಕ್ಕಳಿಗೆ. ಹೆದ್ದಾರಿ ದಾಟುವ ಮುದುಕಿ, ಮುಂಜಾನೆ ಮಾರುಕಟ್ಟೆಗೆ ಹೂ ಹೊತ್ತು ಸೈಕಲ್ ತುಳಿಯುವವ, ಕಂಪನಿ ಬಸ್ಸಿಗೆ ಕಾಯುತ್ತ ನಿಂತ ಹುಡುಗಿ, ಇವರೇ ಆ ‘ಮೂರನೆಯವರು’.

ನಮ್ಮ ಮಾತಿನಲ್ಲಿ ಮೂರನೆಯವರು ಎಂದರೆ ನಮಗೆ ಸಂಬಂಧವಿಲ್ಲದವರು ಎಂದರ್ಥ. ಯೇಸುಸ್ವಾಮಿಗೆ ಕೇಳಿದ ಪ್ರಶ್ನೆಯೂ ಇದೇ ಅಲ್ಲವೆ? ನನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರಿ ಕೇಳಿದಾಗ ಸ್ವಾಮಿ ಹೇಳಿದ್ದು ಒಂದು ರಸ್ತೆಯ ಕಥೆ, ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ರಸ್ತೆಯಲ್ಲಿ ಗಾಯಗೊಂಡು ಬಿದ್ದವನ ಕಥೆ. ಸಮಾರ್ಯದವನ ಕರುಣೆಯ ಬಗ್ಗೆ ಪ್ರಬೋಧನೆಗಳನ್ನು ಬೇಕಾದಷ್ಟು ಕೇಳಿದ್ದೇವೆ. ಅವನ ಲೆಕ್ಕದ ಬಗ್ಗೆ ಕೇಳಿದ್ದು ಕಡಿಮೆ. ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ, ಅಂದಿನ ಕಾಲಕ್ಕೆ ಎರಡು ದಿನದ ಕೂಲಿ. ಇನ್ನೂ ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತಾನೇ ಕೊಡುವುದಾಗಿ ಮಾತು ಕೊಡುತ್ತಾನೆ. ಎಷ್ಟಾಗುತ್ತದೋ ಅವನಿಗೇ ಗೊತ್ತಿಲ್ಲ. ಗಾಯ ಮಾಡಿದ್ದೂ ಅವನಲ್ಲ. ಅಪರಿಚಿತನೊಬ್ಬನ ಗಾಯಕ್ಕೆ ಮಿತಿಯಿಲ್ಲದೆ ಹೊಣೆ ಹೊರುವುದು ಅದು.

ಇಂದಿನ ಲೆಕ್ಕ ನೋಡಿ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1000 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷದ ಥರ್ಡ್ ಪಾರ್ಟಿ ಕಂತು 2,094 ರೂಪಾಯಿ, ತೆರಿಗೆ ಬೇರೆ. ಹೆಚ್ಚುಕಡಿಮೆ ಒಬ್ಬ ಗಾರೆ ಕೆಲಸದವನ ಎರಡು ಮೂರು ದಿನದ ಕೂಲಿ. ಈ ಹಣಕ್ಕೆ ಪ್ರತಿಯಾಗಿ, ಮೂರನೆಯವರ ಸಾವಿಗೋ ಗಾಯಕ್ಕೋ ನ್ಯಾಯಮಂಡಳಿ ಎಷ್ಟು ಪರಿಹಾರ ಎನ್ನುತ್ತದೋ ಅಷ್ಟನ್ನೂ ಕಂಪನಿ ಕೊಡಬೇಕು. ಅದಕ್ಕೆ ಮೇಲ್ಮಿತಿಯಿಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಕಾರನ್ನು ಅಪ್ಪ ಅಮ್ಮ ಕೊಡಿಸಲಿ, ಬೇಕಾದರೆ ಕಾರಿನ ಸ್ವಂತ ಹಾನಿಯ ವಿಮೆಯನ್ನೂ ಅವರೇ ಕಟ್ಟಲಿ, ಆದರೆ ಈ 2,094 ರೂಪಾಯಿ ಸ್ಟಿಯರಿಂಗ್ ಹಿಡಿಯುವವರ ದುಡಿಮೆಯಿಂದಲೇ ಹೋಗಲಿ. ತಿಂಗಳಿಗೆ ಇನ್ನೂರು ರೂಪಾಯಿ ಎತ್ತಿಟ್ಟರೆ ಸಾಕು. ಓದುತ್ತಿರುವವರಾದರೆ ರಜೆಯಲ್ಲಿ ದುಡಿದು ಕಟ್ಟಲಿ. ಅಪ್ಪ ಸದ್ದಿಲ್ಲದೆ ಕಟ್ಟಿಬಿಟ್ಟರೆ ಆ ಮೂರನೆಯವರು ಮಗನ ಕಣ್ಣಿಗೆ ಬೀಳುವುದೇ ಇಲ್ಲ. ಅವನ ಪಾಲಿಗೆ ಕಾರು, ಹಾಡು, ಪೆಟ್ರೋಲು ಇಷ್ಟೇ ಇರುತ್ತದೆ.

ಹೊರದೇಶದಲ್ಲಿರುವ ನಮ್ಮ ಬಂಧುಗಳು ಹೇಳುವುದುಂಟು, ಅಲ್ಲಿ ಎಳೆಯ ಚಾಲಕರಿಗೆ ವಿಮೆ ದುಬಾರಿ ಎಂದು. ಚಾಲಕ ಚಿಕ್ಕವನಾದಷ್ಟೂ ಅಪಾಯ ಹೆಚ್ಚು ಎಂದು ಆ ಬೆಲೆಯೇ ಕೂಗಿ ಹೇಳುತ್ತದೆ. ನಮ್ಮಲ್ಲಿ ಥರ್ಡ್ ಪಾರ್ಟಿ ದರ ಎಂಜಿನ್ನಿನ ಗಾತ್ರ ನೋಡುತ್ತದೆಯೇ ಹೊರತು ಓಡಿಸುವವರ ವಯಸ್ಸು ನೋಡುವುದಿಲ್ಲ. ಮೂವತ್ತು ವರ್ಷ ಗಾಡಿ ಓಡಿಸಿದ ಅಪ್ಪನಿಗೂ ಮೊನ್ನೆ ಕಲಿತ ಮಗನಿಗೂ ಒಂದೇ ಕಂತು. ಕಾಗದ ಹೇಳದ ಆ ಮಾತನ್ನು ಮನೆಯವರೇ ಹೇಳಬೇಕು.

ಇದಕ್ಕೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಹೆತ್ತ ಮಗನಿಂದ ಎರಡು ಸಾವಿರ ರೂಪಾಯಿ ಲೆಕ್ಕ ಹಾಕಿ ಕಟ್ಟಿಸುವುದು ಸಣ್ಣತನವಲ್ಲವೆ? ದುಂದುಗಾರ ಮಗನ ತಂದೆ ಆಸ್ತಿಯ ಪಾಲನ್ನೇ ಕೊಟ್ಟ, ಒಂದು ಷರತ್ತೂ ಹಾಕಲಿಲ್ಲ. ನಿಜ. ಆದರೆ ಆ ತಂದೆ ಮನ್ನಿಸಿದ್ದು ತನಗಾದ ನಷ್ಟವನ್ನು. ರಸ್ತೆಯಲ್ಲಿ ಆಗುವ ನಷ್ಟ ಬೇರೆಯವರದು, ಅದನ್ನು ಮನ್ನಿಸುವ ಹಕ್ಕು ಅಪ್ಪನಿಗಿಲ್ಲ. ಅವರ ಪರವಾಗಿ ಉದಾರಿಯಾಗಲು ನಮಗೆ ಬರುವುದಿಲ್ಲ.

ಅದೇ ಕಥೆಯಲ್ಲಿ ಹಿರಿಯ ಮಗನೂ ಇದ್ದಾನೆ, ತನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲವೆಂದು ಮುನಿಸಿಕೊಂಡವನು. ನಮ್ಮ ಮನೆಗಳಲ್ಲಿ ಆ ಜಾಗದಲ್ಲಿ ಬಹಳ ಸಲ ಮಗಳು ನಿಂತಿರುತ್ತಾಳೆ. ತಮ್ಮನಿಗೆ ಕಾರು ಬಂದಿದೆ, ನರ್ಸಿಂಗ್ ಓದುವ ಅಕ್ಕ ಬೆಳಗಿನ ಬಸ್ಸಿಗೆ ಕತ್ತಲಲ್ಲೇ ನಡೆದು ಹೋಗುತ್ತಾಳೆ. ಅವಳು ಮುನಿಸಿಕೊಳ್ಳುವುದೂ ಇಲ್ಲ, ಅಭ್ಯಾಸವಾಗಿದೆ. ಕಾರು ಕೊಡಿಸುವ ಮುಂಚೆ ಆ ಹಣಕ್ಕೆ ಮನೆಯಲ್ಲಿ ಇನ್ನಾರಿಗೆ ಅಗತ್ಯವಿದೆ ಎಂದು ಎಲ್ಲರೆದುರು ಕೇಳುವುದು ನ್ಯಾಯ. ಕಾರು ಬಂದ ಮೇಲೂ ಅವಳು ಕಲಿತು ಓಡಿಸುವಂತಾಗಲಿ.

ಇನ್ನು ಹೆಸರಿನ ವಿಷಯ. ಅಗ್ಗಕ್ಕೆ ಸಿಕ್ಕಿತೆಂದು ಬೆಂಗಳೂರಿನಿಂದ ತಂದ ಹಳೆಯ ಕಾರು ವರ್ಷಗಟ್ಟಲೆ ಮಾರಿದವರ ಹೆಸರಿನಲ್ಲೇ ಓಡುವುದುಂಟು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂದರೆ ನಮ್ಮ ಮಗನ ತಪ್ಪಿಗೆ, ಕಾರು ಮಾರಿ ಮರೆತ ಯಾರೋ ಒಬ್ಬರು ಕೋರ್ಟಿಗೆ ಅಲೆಯಬೇಕು. ಇದು ಸೋಮಾರಿತನ ಮಾತ್ರವಲ್ಲ, ಅನ್ಯಾಯ. ಅಪ್ಪನ ಹೆಸರಿಗೆ ಮಾಡಿಸಿದರೆ ಅದೂ ಸರಿಯೇ, ಆದರೆ ಒಂದನ್ನು ತಿಳಿದಿರಬೇಕು: ವಿಮೆಯ ಜೊತೆ ಬರುವ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ರಕ್ಷೆ ಪರವಾನಗಿಯುಳ್ಳ ಮಾಲೀಕ ಚಾಲಕನಿಗೆ ಮಾತ್ರ. ಕಾರು ಅಪ್ಪನ ಹೆಸರಲ್ಲಿದ್ದು ಮಗ ಓಡಿಸುವಾಗ ಏನಾದರೂ ಆದರೆ ಆ ರಕ್ಷೆ ಮಗನಿಗೆ ಸಿಗುವುದಿಲ್ಲ, ಅವನಿಗೆ ಬೇರೆ ಪಾಲಿಸಿ ಬೇಕು. ಪರವಾನಗಿಯಿಲ್ಲದ ಗೆಳೆಯನ ಕೈಗೆ ಮಗ ಕೀಲಿ ಕೊಟ್ಟು ಅಪಘಾತವಾದರೆ, ಕಂಪನಿ ನೊಂದವರಿಗೆ ಹಣ ಕೊಟ್ಟರೂ ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಇದನ್ನು ಮಗನಿಗೆ ಮೊದಲ ದಿನವೇ ಹೇಳಿ.

ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥ ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ ತನ್ನ ಮತ್ತು ಪರರ ಪ್ರಾಣಕ್ಕೆ ಅಪಾಯ ತರುವುದನ್ನು ಗಂಭೀರ ದೋಷವೆನ್ನುತ್ತದೆ (2290), ಅದೂ ಐದನೇ ಆಜ್ಞೆಯ ಕೆಳಗೆ. ವ್ಯಾಟಿಕನ್ 2007ರಲ್ಲಿ ಚಾಲಕರಿಗೆಂದೇ ಹತ್ತು ಆಜ್ಞೆಗಳನ್ನು ಹೊರಡಿಸಿತು. ರಸ್ತೆಯಲ್ಲಿ ದುರ್ಬಲರನ್ನು ಕಾಯಬೇಕೆಂಬುದು ಅವುಗಳಲ್ಲೊಂದು. ಹೊಸ ಗಾಡಿಯನ್ನು ಆಶೀರ್ವಾದಕ್ಕೆ ತರುವಾಗ ನಾವು ಬೇಡುವುದು ನಮ್ಮ ಮಗನ ಸುರಕ್ಷತೆಯನ್ನು. ಡ್ಯಾಶ್‌ಬೋರ್ಡಿನ ಸಂತ ಕ್ರಿಸ್ತೋಫರರ ಪದಕವೂ ಅದಕ್ಕೇ. ಅವನ ಗಾಡಿಯ ಮುಂದೆ ಬರುವವರಿಗಾಗಿಯೂ ಆಗ ಒಂದು ಮನವಿ ಸಲ್ಲಿಸುವಂತೆ ಫಾದರ್ ಅವರಲ್ಲಿ ನಾವು ಕೇಳಿಕೊಳ್ಳಬಹುದು.

ಕೊನೆಯದಾಗಿ ಭಾಷೆಯ ತೊಡಕು. ಪಾಲಿಸಿ ಇಂಗ್ಲಿಷಿನಲ್ಲಿ ಬರುತ್ತದೆ, ಏಜೆಂಟರು ತಮಿಳಿನಲ್ಲಿ ವಿವರಿಸುತ್ತಾರೆ, ಕನ್ನಡ ಶಾಲೆಯಲ್ಲಿ ಓದಿದ ಅಪ್ಪ ತೋರಿಸಿದ ಕಡೆ ಸಹಿ ಹಾಕಿ ಬರುತ್ತಾರೆ. ಮಕ್ಕಳಿಗೆ ಮೂರೂ ಭಾಷೆ ಬರುತ್ತದೆ. ಒಂದು ಸಂಜೆ ಜಪಸರ ಮುಗಿದ ಮೇಲೆ ಆ ಕಾಗದವನ್ನು ಅವರೇ ಓದಿ ಮನೆಯವರಿಗೆಲ್ಲ ಕನ್ನಡದಲ್ಲಿ ಹೇಳಲಿ: ಯಾರ ಹೆಸರು, ಎಂಜಿನ್ ನಂಬರು ಸರಿಯಿದೆಯೆ, ಯಾರಿಗೆ ಏನು ಸಿಗುತ್ತದೆ, ಯಾವ ದಿನ ಮುಗಿಯುತ್ತದೆ. ಮುಗಿಯುವ ದಿನವನ್ನು, ಹಾಲಿನ ಲೆಕ್ಕವನ್ನೂ ಗ್ಯಾಸ್ ಬಂದ ದಿನವನ್ನೂ ಅಮ್ಮ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕೈಯಿಂದಲೇ ಬರೆಸಿ.