ಮಗುವಿನ ಕಿವಿಗೆ ಬೀಳುವ ಮಾತು



ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿ ಪ್ರಹ್ಲಾದರಾಜರು ತಮ್ಮ ಪೂರ್ವವೃತ್ತಾಂತವನ್ನು ಸಹಪಾಠಿಗಳಾದ ದೈತ್ಯಬಾಲಕರಿಗೆ ತಿಳಿಸುತ್ತಾರೆ. ಹಿರಣ್ಯಕಶಿಪು ತಪಸ್ಸಿಗೆ ತೆರಳಿದ್ದಾಗ ಇಂದ್ರನು ಗರ್ಭಿಣಿಯಾದ ಕಯಾಧುವನ್ನು ಸೆಳೆದೊಯ್ದನು. ನಾರದರು ಆಕೆಯನ್ನು ಬಿಡಿಸಿ ತಮ್ಮ ಆಶ್ರಮದಲ್ಲಿರಿಸಿಕೊಂಡರು. ಗರ್ಭಸ್ಥ ಶಿಶುವನ್ನೂ ಉದ್ದೇಶಿಸಿಯೇ ಆಕೆಗೆ ತತ್ತ್ವವನ್ನು ಉಪದೇಶಿಸಿದರು. ಕಾಲಾಂತರದಲ್ಲಿ ತಾಯಿ ಅದನ್ನು ಮರೆತಳು, ಮಗು ಮರೆಯಲಿಲ್ಲ. ಅರಮನೆಯ ವೈಭವವಾಗಲಿ, ಷಂಡಾಮರ್ಕರ ಪಾಠವಾಗಲಿ ಅದನ್ನು ಅಳಿಸಲಾರದೆ ಹೋದವು.

ಊರಿನ ಅವಿಭಕ್ತ ಕುಟುಂಬದಲ್ಲಿ ಅಜ್ಜಿಯ ಹಾಡು, ಅಜ್ಜನ ಸಂಧ್ಯಾವಂದನೆ, ಅತ್ತೆ ಚಿಕ್ಕಪ್ಪಂದಿರ ಬುದ್ಧಿಮಾತು ಎಲ್ಲವೂ ಕೂಡಿ ಮಗುವನ್ನು ಬೆಳೆಸುತ್ತಿದ್ದವು. ಮುಂಬಯಿ, ಪುಣೆಗಳ ಎರಡು ಕೋಣೆಯ ಮನೆಯಲ್ಲಿ ಆ ಹೊಣೆಯೆಲ್ಲವೂ ದುಡಿದು ದಣಿದು ಬರುವ ಇಬ್ಬರ ಮೇಲಿದೆ. ಇದು ಅವರ ದೋಷವಲ್ಲ. ಆದರೆ ಹಿಂದೆ ತಾನಾಗಿ ದೊರೆಯುತ್ತಿದ್ದುದನ್ನು ಈಗ ನಾವು ಸಂಕಲ್ಪಪೂರ್ವಕವಾಗಿ ಒದಗಿಸಬೇಕಾಗಿದೆ.

ಮಗುವು ಕೇಳುತ್ತಿದೆಯೆಂಬ ಎಚ್ಚರದಿಂದ ನಾರದರು ಮಾತನಾಡಿದರು. ನಮಗೆ ಆ ಎಚ್ಚರವಿದೆಯೇ? ಊಟಕ್ಕೆ ಕುಳಿತಾಗ ನಾವು ಅಣ್ಣತಮ್ಮಂದಿರನ್ನು ಹಳಿದರೆ, ಊರಿನ ವೃದ್ಧರನ್ನು ಹೊರೆಯೆಂದು ಆಡಿಕೊಂಡರೆ, ಮಗುವು ಅದನ್ನೂ ಕಲಿಯುತ್ತದೆ. ಆಡಿದ ನಾವು ಮರೆಯುತ್ತೇವೆ, ಅದು ಮರೆಯುವುದಿಲ್ಲ.

ಆದುದರಿಂದ ದಿನಕ್ಕೊಮ್ಮೆಯಾದರೂ ದೇವರ ಮುಂದೆ ಮನೆಮಂದಿಯೆಲ್ಲ ಕುಳಿತು ದಾಸರ ಪದವೊಂದನ್ನು ಹಾಡೋಣ. ದೂರದ ಅಜ್ಜಿಗೆ ಫೋನು ಮಾಡಿ ಮಕ್ಕಳಿಗೆ ಕಥೆ ಹೇಳಿಸೋಣ. ಏಕಾದಶಿಯ ಸಂಜೆ ನೆರೆಯ ನಾಲ್ಕು ಮನೆಗಳ ಮಕ್ಕಳನ್ನು ಭಜನೆಗೆ ಕೂಡಿಸೋಣ. ಪ್ರಹ್ಲಾದರಾಜರೂ ಒಬ್ಬರೇ ಉದ್ಧಾರವಾಗಲು ಬಯಸದೆ ಗೆಳೆಯರನ್ನು ಜೊತೆಗೂಡಿಸಿಕೊಂಡರಲ್ಲವೇ? ನಮ್ಮ ಮನೆಯೇ ನಾರದರ ಆಶ್ರಮವಾಗುವಂತೆ ಹರಿವಾಯುಗುರುಗಳು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು