ನೋವು ಪ್ರಾರಬ್ಧವೇ?

“ನೋವು ಪ್ರಾರಬ್ಧ, ಅನುಭವಿಸಿಯೇ ತೀರಬೇಕು” ಎನ್ನುತ್ತಾರೆ ಬನಶಂಕರಿ ದೇವಸ್ಥಾನದಲ್ಲಿ ಸಿಗುವ ಗೆಳೆಯರು. ಸೊಂಟದ ಕೀಲು ಬದಲಿಸಿಕೊಂಡ ನನಗೆ ಆ ಮಾತು ಒಪ್ಪಿಗೆಯಿಲ್ಲ. ಜಯನಗರದ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ ಅಲ್ಟ್ರಾಸೌಂಡ್ ಪರದೆ ನೋಡುತ್ತಾ ತೊಡೆಸಂದಿನ ಬಳಿ ಸೂಜಿಯಿಳಿಸಿ ಮದ್ದು ಬಿಟ್ಟರು. ಕೊಯ್ದ ಗಾಯ ಅಲ್ಲೇ ಇತ್ತು. ಅದರ ಸುದ್ದಿ ಮಿದುಳಿಗೆ ಅಷ್ಟಾಗಿ ಮುಟ್ಟಲಿಲ್ಲ. 1884ರಲ್ಲಿ ವಿಯೆನ್ನಾದ ವೈದ್ಯ ಕಾರ್ಲ್ ಕೊಲ್ಲರ್ ಕಣ್ಣಿಗೆ ಕೊಕೇನ್ ಹನಿಸಿ, ಆ ಭಾಗವನ್ನಷ್ಟೇ ಮರಗಟ್ಟಿಸಿ ಹಾಕಿಕೊಟ್ಟ ದಾರಿಯಿದು.

ಗೀತೆಯ ಎರಡನೆಯ ಅಧ್ಯಾಯ ಸುಖದುಃಖಗಳು ಬಂದುಹೋಗುವಂಥವು, ತಾಳಿಕೋ ಎನ್ನುತ್ತದೆ. ಹುಡುಕಿಕೊಂಡು ಹೋಗಿ ಅನುಭವಿಸು ಎನ್ನುವುದಿಲ್ಲ. ಮದ್ದಿಳಿದ ಮೇಲೆ ಉಳಿದ ನೋವನ್ನು ವಾಕರ್ ಹಿಡಿದು ಹೆಜ್ಜೆಯಿಡುತ್ತಾ ತಾಳಿಕೊಂಡೆ. ತಿತಿಕ್ಷೆಗೆ, ಅಂದರೆ ಆ ತಾಳಿಕೊಳ್ಳುವ ಗುಣಕ್ಕೆ, ಅಷ್ಟು ಕೆಲಸ ಸಾಲದೇ? ಸವೆದ ಕೀಲು ನನ್ನ ಪ್ರಾರಬ್ಧವಾದರೆ, ಆ ವೈದ್ಯೆಯ ಸೂಜಿಯೂ ಅದರಲ್ಲೇ ಸೇರಿರಬೇಕಲ್ಲ!